ಉಳಿಕೆ ಪಟ್ಟಿ

ಇಲಾಖೆ ಮುಚ್ಚಿತು. ಫಲಕ ಇಳಿಸಿದರು.
ಗೋಡೆಯಲ್ಲಿ ನಾಲ್ಕು ಸ್ಕ್ರೂ ಉಳಿದವು, ನಾನು ಉಳಿದೆ,
ಮತ್ತೆ ಬಿಸ್ಕತ್ತಿನ ಡಬ್ಬಿ ತುಂಬ ಬೀಗದ ಕೈಗಳು.

ಬಾಗಿಲುಗಳು ಹೋಗಿ ಹದಿನೆಂಟು ವರ್ಷ.
ಡಬ್ಬಿ ಅಲುಗಿಸಿದರೆ
ಮುಹರಕ್ಕಿನ ಇಡೀ ಒಂದು ಓಣಿ ಒಳಗೆ ಕಣಕಣ ಅನ್ನುತ್ತದೆ.

'ಇದಿನಬ್ಬ, ಉಳಿದದ್ದನ್ನೆಲ್ಲ ಪಟ್ಟಿ ಮಾಡು,
ನಗರಸಭೆ ಮಾರುತ್ತದಂತೆ,' ಅಂದರು ಅದ್ನಾನ್ ಸಾಹೇಬರು,
ನಿವೃತ್ತಿಗೆ ಹನ್ನೊಂದು ದಿನ ಇಟ್ಟುಕೊಂಡವರು.
ಟೇಪು ಹಿಡಿದು ಹೊರಟೆ.

ಇದೇ ಓಣಿಯಲ್ಲಿ ಅಂದು ಕೆಂಪು ಬಣ್ಣದ ಡಬ್ಬ ಹಿಡಿದು
ಮನೆಮನೆಗೆ ನಂಬರು ಬರೆದವನೂ ನಾನೇ.
ಒಂಬತ್ತು ಮಂದಿ ಪಾಳಿಯಲ್ಲಿ ಮಲಗುತ್ತಿದ್ದ
ನಮ್ಮ ಕೋಣೆಯ ಗೋಡೆಗೂ ಬರೆದೆ, ಉಳಿದವುಗಳಿಗಿಂತ ಸ್ವಲ್ಪ ದುಂಡಗೆ.
ಉಗುರಿನ ಕೆಂಪು ಹೋಗಲು ಒಂದು ವಾರ ಬೇಕಾಯಿತು.

ಉಳಿದದ್ದು ಮೂವತ್ತೊಂದು ತುಂಡು.
ನಾಲ್ಕನೆಯದು ಬಾವಿ, ಮುಚ್ಚಿದ್ದು, ಮೇಲೆ ಯಾರದೋ ಎಸಿ ಯಂತ್ರ.
ಒಂಬತ್ತನೆಯದು ಎರಡು ಪಾರ್ಕಿಂಗ್ ಕಟ್ಟಡಗಳ ನಡುವೆ ನಾಲ್ಕಡಿ ಸಂದಿ,
ಸದ್ಯ ಬೆಕ್ಕುಗಳ ಸ್ವಾಧೀನಾನುಭವದಲ್ಲಿದೆ.
ಹದಿನಾಲ್ಕು: ಹವಳಗಲ್ಲಿನ ಮೂರು ಮೆಟ್ಟಿಲು. ಮನೆ ಇಲ್ಲ.
ಕೊನೆಯದು ಗಾಜಿನ ಪೆಟ್ಟಿಗೆಯೊಳಗಿನ ಹೊಸ ಊರು:
ಪ್ಲಾಸ್ಟಿಕ್ ಖರ್ಜೂರದ ಸಾಲು, ನೀಲಿ ಕಾಗದದ ಕಾರಂಜಿ,
ಬೆಂಕಿಕಡ್ಡಿಯೆತ್ತರದ ಜನ
ಹದಿನೆಂಟು ವರ್ಷದಿಂದ ಸಂಜೆಯ ವಾಕಿಂಗಿನಲ್ಲಿದ್ದಾರೆ.
ಒಬ್ಬ ಬಿದ್ದಿದ್ದ. ಗಾಜು ಸರಿಸಿ ನಿಲ್ಲಿಸಿದೆ.

ಹರಾಜಿನ ದಿನ ಚಹಾ ಚೆನ್ನಾಗಿತ್ತು.
ಗಾಜಿನ ಊರು ನಲವತ್ತು ದಿನಾರಿಗೆ ಹೋಯಿತು,
ಆಟಿಕೆಯಂಗಡಿಯವನಿಗೆ.
ಹದಿನಾಲ್ಕು ಕೂಗುವಾಗ ಎದ್ದು ನಿಂತವಳು
ಶರೀಫಾ ಬಿಂತ್ ಖಲಫ್, ಹಗ್ಗ ಹೊಸೆಯುವವನ ಮಗಳು.
'ಮನೆಗೆ ದುಡ್ಡು ಕೊಟ್ಟಿರಿ, ಸರಿ.
ಮೆಟ್ಟಿಲು ಅಳೆಯಲಿಲ್ಲ. ಅಳೆದವನು ಯಾರು?'

ನಾನು ನೆಲ ನೋಡಿದೆ.
ಟೇಪಿನ ಸೊನ್ನೆಯ ತುದಿ ಹಿಡಿದವನು ನಾನು,
ಹಿಡಿದದ್ದು ಹೊಸ್ತಿಲಿನಿಂದ.

ಪ್ಲಾಸ್ಟಿಕ್ ಚೀಲದಿಂದ ಹಳೆಯ ಪತ್ರ ತೆಗೆದು ಬಿಡಿಸಿದಳು.
ಮಡಿಕೆಗಳಲ್ಲಿ ಅಕ್ಷರ ಉದುರಿವೆ,
ಒಂದು ಸಾಲು ಮಾತ್ರ ಗಟ್ಟಿ: ಪೂರ್ವಕ್ಕೆ ಸಮುದ್ರ.
'ಇದು ಈಗ ಯಾರ ಹೆಸರಿನಲ್ಲಿದೆ?'

ಎಸಿ ಒಂದೇ ಸಮನೆ ಗುರುಗುಟ್ಟಿತು.
ಅದ್ನಾನ್ ಸಾಹೇಬರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
ಪಾರ್ಕಿಂಗ್ ಕಂಪನಿಯ ಹುಡುಗ ಕೈ ಎತ್ತಿದ.
ಸುತ್ತಿಗೆ ಬಿತ್ತು.

ಬಂಟ್ವಾಳದ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ
ದಸ್ತಾವೇಜು ಬರೆಯುತ್ತಿದ್ದ ಬ್ಯಾರ್ದಾರರಿಗೆ
ನನ್ನ ಬಾಪ ಮಸಿ ತುಂಬಿಸಿಕೊಡುತ್ತಿದ್ದರು.
ಹೇಳುತ್ತಿದ್ದರು: ಮಾರುವವ ಸುಳ್ಳು ಹೇಳಿಯಾನು,
ಕೊಳ್ಳುವವ ಹೇಳಿಯಾನು,
ಚಕ್ಕುಬಂದಿ ಹೇಳಬಾರದು ಮಗಾ.

ರಾತ್ರಿ ಕಂಪ್ಯೂಟರಿನ ಮುಂದೆ ಕೂತೆ.
ಉತ್ತರಕ್ಕೆ ಪಾರ್ಕಿಂಗ್. ದಕ್ಷಿಣಕ್ಕೆ ಪಾರ್ಕಿಂಗ್.
ಪಶ್ಚಿಮಕ್ಕೆ, ಮುನ್ನೂರು ರೂಪದ ಚಪ್ಪಲಿ ಮಾರುವ ಮಳಿಗೆ.
ಪೂರ್ವಕ್ಕೆ ಆರು ಪಥದ ರಸ್ತೆ, ಆಮೇಲೆ ಮಣ್ಣು ತುಂಬಿದ ನೆಲ,
ಆಮೇಲೆ ಗೋಪುರಗಳು, ಅವುಗಳಾಚೆ
ಎಲ್ಲೋ, ನನ್ನ ಟೇಪಿಗೆ ನಿಲುಕದಷ್ಟು ದೂರ, ಅದು.
ಕರ್ಸರ್ ಮಿಟುಕುತ್ತಿತ್ತು.
ಪೂರ್ವಕ್ಕೆ ಸಮುದ್ರ ಎಂದು ಹೊಡೆದೆ.

ಐದು ಕೈ ದಾಟಿತು ಕಡತ. ಐದು ಮೊಹರು.
ಯಾರೂ ಓದಲಿಲ್ಲ.

ಬೀಗದ ಕೈಗಳ ಡಬ್ಬಿ ಎಲ್ಲಿಡುವುದೆಂದು
ಮೊಫಿಜುಲ್ ಎರಡು ಸಲ ಕೇಳಿದ್ದಾನೆ; ಇನ್ನೂ ನನ್ನ ಮೇಜಿನ ಕೆಳಗಿದೆ,
ಕಾಲು ತಾಗಿದಾಗೆಲ್ಲ ಓಣಿ ಎದ್ದು ಕೂರುತ್ತದೆ.

ಭಾನುವಾರ ಆ ಹುಡುಗನ ಫೋನು:
'ಅಣ್ಣಾ, ಪತ್ರದಲ್ಲಿ ಪೂರ್ವಕ್ಕೆ ಸಮುದ್ರ ಅಂತಿದೆ.
ಮೆಟ್ಟಿಲ ಮೇಲೆ ನಿಂತಿದ್ದೇನೆ. ಎಲ್ಲಿ ಅದು?'

ಇಳಿ, ಅಂದೆ. ನಡೆ.