ಮೀನಿನ ಅಭಿಪ್ರಾಯ

ಆ ಮನೆಯನ್ನು ಎಲ್ಲರಿಗಿಂತ ಮೊದಲು ಮಲಗಿಸಿ ನೋಡಿದವಳು ನಾನು,
ಟ್ರೇಸಿಂಗ್ ಹಾಳೆಯ ಮೇಲೆ, ಲ್ಯಾವೆಲ್ಲೆ ರಸ್ತೆಯ ಮಹಡಿಯಲ್ಲಿ,
ಎಪ್ಪತ್ತೆಂಟರ ಬೇಸಿಗೆ. ಪ್ರಿಂಟು ತೆಗೆವ ಅಮೋನಿಯಾಕ್ಕೆ
ಕಣ್ಣುರಿ. ಸಂಬಳ ಮುನ್ನೂರ ಹತ್ತು.

ಸಲ್ಡಾನ ಸಾಹೇಬರಿಗೆ ಮೂಲೆ ಎಂದರೆ ಆಗದು.
ಪ್ರಕೃತಿಯಲ್ಲಿ ಮೂಲೆ ಎಲ್ಲಿದೆ ತೋರಿಸು ಎನ್ನುವರು.
ಒಮ್ಮೆ ಡಬ್ಬಿಯಿಂದ ಉಪ್ಪಿನ ಹರಳು ತೆಗೆದು ತೋರಿಸಿದೆ.
ಆ ದಿನವಿಡೀ ನನ್ನೊಡನೆ ಮಾತಿಲ್ಲ.

ಚಾವಣಿ ಎಂದರೆ ಏಳು ದುಂಡು ಕಾಂಕ್ರೀಟು,
ತಾವರೆ ಎಲೆಯಂತೆ ಒಂದಕ್ಕೊಂದು ತಾಗಿಯೂ ತಾಗದೆ;
ಸಂದಿಯಲ್ಲಿ ಗಾಜು.
ಕಂಬಗಳು ಬುಡದಲ್ಲಿ ಸಣಕಲು, ಮೇಲೆ ಹೋಗುತ್ತ ಅಗಲ,
ಎಲ್ಲಕ್ಕೂ ಕೊಂಚ ಓಲಿಕೆ.
ಸೆಂಟ್ರಿಂಗಿನವರು ಸಾಹೇಬರ ವಂಶವನ್ನೇ ಜಾಲಾಡಿದರು.

ಮತ್ತೆ ಒಂದು ಗೆರೆ.
ಸೆಕ್ಷನ್ನಿನ ಪ್ರತಿ ಹಾಳೆಯಲ್ಲೂ
ನೆಲದಿಂದ ಎಪ್ಪತ್ತೈದು ಸೆಂಟಿಮೀಟರ್ ಮೇಲೆ,
ಗೋಡೆ ಕಂಬ ಬಚ್ಚಲು ದೇವರ ಗೂಡು ಯಾವುದನ್ನೂ ಬಿಡದೆ
ಸುತ್ತಿ ಬರುವ ಕರಿಯ ಕಡಪಾ ಕಲ್ಲಿನ ಪಟ್ಟಿ.
ಹೆಸರಿಲ್ಲ, ಟಿಪ್ಪಣಿ ಇಲ್ಲ.
"ಇದೇನು ಸಾರ್, ಏನಂತ ಬರೀಲಿ?"
"ಅದು ಮೀನಿನ ಅಭಿಪ್ರಾಯ" ಎಂದು ಪೈಪು ಕುಟ್ಟಿದರು.

ಮನೆ ಮುಗಿದ ಮೇಲೆ ನೋಡಲು ಬಂದವರೆಷ್ಟು!
ಮುಂಬಯಿಯ ಪತ್ರಿಕೆಯಾತ ಏಳು ಎಲೆ ಎಣಿಸಿ
ಏಳು ಚಕ್ರ, ಕುಂಡಲಿನಿ ಎಂದು ಬರೆದ.
ಜರ್ಮನಿಯವಳೊಬ್ಬಳು ಕರಿಪಟ್ಟಿಗೆ ದಿಗಂತವೆಂದಳು.
ಮನೆಯೊಡತಿ, ಹಲ್ಲಿನ ಡಾಕ್ಟರ ಹೆಂಡತಿ ಗಂಗಾಂಬಿಕೆ,
"ಮಕ್ಕಳ ಕೈ ಕೊಳೆ ಕಾಣೋದಿಲ್ಲ, ಒಳ್ಳೇದು" ಎಂದರು.
ಎಲ್ಲರಿಗೂ ಸಾಹೇಬರು ತಲೆಯಾಡಿಸಿದರು.
ತಾವರೆಯನ್ನು ಎಲ್ಲರೂ ಕಂಡರು, ಸರಿ.
ತಾವು ನಿಂತದ್ದು ಎಲೆಯ ಕೆಳಗೆ
ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ನನಗೆ ಹೇಳಿದವನು ಕಲ್ಲು ಕೂರಿಸಿದ ಪಿಳ್ಳಮುನಿಯಪ್ಪ,
ಬಟವಾಡೆಯ ಶನಿವಾರ, ಮರಳ ಗುಡ್ಡೆಯ ಮೇಲೆ ಬೀಡಿ ಹಚ್ಚಿ:
"ನಮ್ಮಪ್ಪ ಇಲ್ಲಿಯ ನೀರಗಂಟಿ ಕಣಮ್ಮ.
ಅಗೋ ಆ ಟಾಕೀಸು, ಅದೇ ಏರಿ. ಬಸ್ ಸ್ಟಾಪು ತೂಬು.
ನೀವೀಗ ಕುಂತಿರೋದು ನೀರೊಳಗೆ.
ಕೆರೆ ಕೋಡಿ ಬಿದ್ದಾಗ ಈ ಜಾಗದಾಗೆ
ನೀರು ಎಲ್ಲೀಗಂಟ ಬರ್ತಿತ್ತು ಅಂತ ಸಾಹೇಬರು ಕೇಳಿದ್ರು.
ಹುಡುಗನಾಗಿದ್ದಾಗ ಎದೆ ಮಟ್ಟ ಸ್ವಾಮಿ, ಈಗ ಇಲ್ಲಿಗೆ,
ಅಂತ ತೊಡೆ ಮುಟ್ಟಿದೆ.
ಅವರು ನನ್ನ ತೊಡೆಗೇ ಟೇಪು ಹಿಡಿದ್ರು."

ಸಾಹೇಬರು ಹೋಗಿ ಇಪ್ಪತ್ತು ವರ್ಷ.
ಪಿಳ್ಳಮುನಿಯಪ್ಪ ಎಲ್ಲಿದ್ದಾನೋ, ಇದ್ದಾನೋ.
ಹೋದ ಸೆಪ್ಟೆಂಬರಿನಲ್ಲಿ ಮೂರು ರಾತ್ರಿ ಮಳೆ,
ರಾಜಕಾಲುವೆ ಉಕ್ಕಿ ಕೋರಮಂಗಲಕ್ಕೆಲ್ಲ ದೋಣಿ.
ನಾಲ್ಕನೆಯ ದಿನ ಗಂಗಾಂಬಿಕೆಯ ಸೊಸೆಯ ಫೋನು:
"ಆಗ ನಕ್ಷೆ ಬರೆದವರು ನೀವೇ ಅಲ್ವಾ? ಬಂದು ನೋಡಿ."

ಹೋದೆ. ಮೊಣಕಾಲು ನೋವು, ಆಟೋ ಅರ್ಧಕ್ಕೇ ನಿಂತಿತು.
ನೀರು ಇಳಿದಿತ್ತು. ಗೋಡೆಗುಂಟ ಕೆಸರಿನ ಗುರುತು,
ಯಾರೋ ಟೀ-ಸ್ಕ್ವೇರ್ ಇಟ್ಟು ಎಳೆದಷ್ಟು ನೆಟ್ಟಗೆ,
ಕರಿಪಟ್ಟಿಗೆ ಎರಡು ಬೆರಳು ಕೆಳಗೆ.
ನೆಲದಲ್ಲಿ ಉಳಿದ ತೆಳು ನೀರಿಗೆ ಸಂದಿಗಾಜಿನ ಬಿಸಿಲು ಬಿದ್ದು
ಮೇಲಕ್ಕೆ ಚಿಮ್ಮಿ, ಏಳು ಎಲೆಗಳ ಅಡಿಹೊಟ್ಟೆಯಲ್ಲಿ
ಬಲೆ ಬಲೆಯಾಗಿ ಹೊರಳುತ್ತಿತ್ತು.
ಚಾವಣಿಯ ಅಡಿಗೆ ಸುಣ್ಣ ಬೇಡ, ಬಣ್ಣ ಬೇಡ ಎಂದು
ಅವರು ಯಾಕೆ ಅಷ್ಟು ಜಗಳವಾಡಿದರೋ
ಆಗ ತಿಳಿಯಿತು. ಒದ್ದೆ ಸೋಫಾದ ಕೈ ಹಿಡಿದು ನಿಂತೆ.

ಸೊಸೆಯ ಮಗ ಗೋಡೆಗೆ ಬೆರಳಿಟ್ಟು ನಕ್ಕ:
"ಎರಡು ಬೆರಳು ತಪ್ಪಿದ್ದಾರೆ ಅಜ್ಜಿ, ನಿಮ್ಮ ಸಾಹೇಬರು."

ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ.
ಸ್ಕೇಲು ಒಂದಕ್ಕೆ ಐವತ್ತು.
ಎದ್ದು ಕಾಣಲಿ ಎಂದು ಆ ಗೆರೆಗೆ ನಾನೇ ಆರಿಸಿದ
ದಪ್ಪ ನಿಬ್ಬು, ಸೊನ್ನೆ ಪಾಯಿಂಟ್ ಎಂಟು.
ಹಾಳೆಯ ಮೇಲೆ ಸಾಸಿವೆಯಷ್ಟೂ ಇಲ್ಲ,
ಗೋಡೆಯ ಮೇಲೆ ನಾಲ್ಕು ಸೆಂಟಿಮೀಟರು.
ಕಲ್ಲು ಗೆರೆಯ ಮೇಲಂಚಿಗೆ ಕೂತಿತ್ತು,
ಕೆರೆ ಬಂದು ಕೆಳಅಂಚಿಗೆ ನಿಂತಿತು.
ನಡುವಿನ ಮಸಿ ನನ್ನದು.