ನಾಲ್ಕನೆಯ ಮಾತು

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ರಾತ್ರಿ
ಕಿಟಕಿಯ ಸಂದಿಗೆ ಟವೆಲು ತುರುಕಿ ನಾನು
ಸಾವಿರದ ಒಂಬೈನೂರ ಹನ್ನೊಂದಕ್ಕೆ ಹೋಗುತ್ತೇನೆ.
ಅಲ್ಲೂ ಗಾಳಿ; ಯಾರ ಟೋಪಿಯೂ ಹಾರುವುದಿಲ್ಲ.

ಕಾಫಿ ದಾಸ್ತಾನಿನ ಮಹಡಿಯಲ್ಲಿ ಹೆಣ.
ನನ್ನ ಪತ್ತೇದಾರನದೋ ದಿಬ್ಬಣದ ನಡಿಗೆ,
ಎಷ್ಟು ಒತ್ತಿದರೂ ಓಡಲೊಲ್ಲ.
ಅವನ ಜೇಬಲ್ಲಿ ಒಂದು ಕೊಂಬಿನ ಗುಂಡಿ, ಅರ್ಧ ಟ್ರಾಮ್ ಚೀಟಿ,
ಯಾಕೆ ಎತ್ತಿಕೊಂಡೆನೋ, ಒಂದು ಮೀನಿನ ತಲೆ.

ಗುಂಡಿಯನ್ನು ಹೆಣದ ಕೋಟಿಗೆ ಹಿಡಿದೆ: ಹೊಂದದು.
ಮೀನಿನ ತಲೆಗೆ ಹಿಡಿದೆ: "ತಲೆ ಕೆಟ್ಟಿದೆಯೇ?" ಎಂದ.
ಹಿಂದೆ ನಿಂತ ತಮ್ಮ ಲಿವಿಯೊ ನಕ್ಕು, ಮಲಗಲು ಹೋದ.

ಬೆಟ್ಟದಿಂದ ಮೂಟೆ ಹೊತ್ತು ಇಳಿಯುವ ಅಗಸಗಿತ್ತಿ ತೊಂಚ್ಕಾ
ಮೂರೇ ಮಾತು ಬಲ್ಲಳು:
ನೀರು ತಣ್ಣಗಿದೆ. ನಾನೇನೂ ಕಂಡಿಲ್ಲ. ಧಣಿ ಹಣ ಕೊಟ್ಟಿಲ್ಲ.
ಎಷ್ಟು ಸಲ ಕೇಳಿದರೂ ಅದೇ ಸರದಿ.
ಅವಳ ಅಂಗಿತೋಳಿನಲ್ಲಿ ಒಂದು ಗುಂಡಿ ಇಲ್ಲ.

ನನ್ನ ಮುತ್ತಜ್ಜಿಯೂ ಆ ಬೆಟ್ಟದಿಂದಲೇ ಬಟ್ಟೆ ಹೊತ್ತು ಇಳಿದವಳು.
ಉಳಿದಿರುವುದು ಒಂದೇ ಫೋಟೊ,
ಅದರಲ್ಲೂ ಕೈ ಅಲುಗಿ ಮಸುಕು.
ನಾಲ್ಕನೆಯ ಮಾತು ಇದ್ದೀತೆಂದು
ತೊಂಚ್ಕಾಳನ್ನು ಹನ್ನೆರಡು ಸಲ ಮಾತಾಡಿಸಿದೆ.

"ಅಪರಾಧಿ ಯಾರು?" ಕೇಳಿತು ಆಟ,
ಐದು ಮುಖ ಸಾಲಾಗಿಟ್ಟು.
ಗೊತ್ತಿದ್ದೂ, ಬಂದರಿನ ಸುಂಕದವನನ್ನು ಒತ್ತಿದೆ.
"ಸಾಕ್ಷಿ ಸಾಲದು. ಮತ್ತೆ ಯೋಚಿಸಿ."
ಮತ್ತೆ ಸುಂಕದವನೇ.
ಮತ್ತೆ.

ಬೆಳಿಗ್ಗೆ ಔಷಧದಂಗಡಿಯ ಕೆಲಸಕ್ಕೆ ಹೊರಟಾಗ
ಆ ದಾಸ್ತಾನು ಎದುರಾಯಿತು; ಈಗ ಅಲ್ಲಿ ಸೈಕಲ್ ನಿಲ್ಲಿಸುತ್ತಾರೆ.
ಬಾಗಿಲ ಹಿಡಿಯ ಮೇಲೆ ಬೆರಳಿಟ್ಟು ಕಾದೆ,
ಏನಾದರೂ ಬರಹ ಮೂಡೀತೆಂದು.
ಕಬ್ಬಿಣ ತಣ್ಣಗಿತ್ತು.
ನಾನೇನೂ ಕಂಡಿಲ್ಲ.