ಎರಡು ಅಂಕದ ಪ್ರಶ್ನೆ

ಮನೆಗೆಲ್ಲ ಇರುವುದು ಒಂದೇ ದೀಪ.
ಚಂದ್ರನಿಲ್ಲದ ರಾತ್ರಿಗಳಲ್ಲಿ ಅದೂ ನಮ್ಮದಲ್ಲ,
ಏಳು ಹೊಡೆದರೆ ಅಪ್ಪನ ಜೊತೆ ದೋಣಿಯೇರುತ್ತದೆ.
ಅಷ್ಟರೊಳಗೆ ನಾನು
ಪರಿಸರ ವ್ಯವಸ್ಥೆಯ ಪಾಠ ಮುಗಿಸಬೇಕು.

"ಶಕ್ತಿಯ ಮೂಲ ಬೆಳಕು" ಎಂಬ ಸಾಲಿಗೆ ಗೆರೆ ಎಳೆಯುತ್ತಿದ್ದೆ,
ಬೆಳಕೇ ಮೇಲಕ್ಕೆದ್ದಿತು.
"ಸಾಕು ಅಪೊಂಡಿ, ಒಮೆನಾ ಕಾಯುತ್ತಿದೆ" ಅಂದ ಅಪ್ಪ
ದೀಪದ ಕಿವಿ ಹಿಡಿದು ನಡೆದ.
ಗೆರೆ ಅರ್ಧಕ್ಕೇ ನಿಂತಿದೆ, ಈಗಲೂ.

ಉಳಿದದ್ದು ಕತ್ತಲಲ್ಲಿ, ಬಾಯಿಪಾಠ.
ಹೊಸ್ತಿಲಲ್ಲಿ ಕೂತರೆ ರುಸಿಂಗಾದ ನೀರಿನ ಮೇಲೆ
ದೀಪಗಳದೇ ಒಂದು ಪೇಟೆ.
ದೀಪಕ್ಕೆ ಹುಳು, ಹುಳುವಿಗೆ ಒಮೆನಾ,
ಒಮೆನಾಕ್ಕೆ ಬಲೆ, ಬಲೆಗೆ ನಾವು.
ಬಾಣದ ಮೂತಿ ಯಾವಾಗಲೂ ತಿನ್ನುವವರ ಕಡೆಗಿರಲಿ,
ತಿರುಗಿಸಿ ಬರೆದರೆ ಸೊನ್ನೆ:
ಒಗ್ವೆನೊ ಮೇಷ್ಟ್ರು ವರ್ಷಕ್ಕೆ ನಲವತ್ತು ಸಲ ಹೇಳುತ್ತಾರೆ.
ದೀಪದಿಂದ ಹುಳುವಿಗೆ ಬಾಣ ಹಾಕಬಹುದೇ ಸಾರ್,
ಹುಳು ದೀಪವನ್ನು ತಿನ್ನುವುದಿಲ್ಲವಲ್ಲ, ಅಂತ ಕೇಳಿದ್ದೆ.
ಸಿಲಬಸ್ಸಿನಲ್ಲಿ ಇಲ್ಲ, ಕೂತ್ಕೋ ಅಂದರು.

ಹತ್ತು ಪ್ರತಿಶತದ ನಿಯಮ ಮಾತ್ರ
ಅವ್ವ ಕಲಿಸಿದ್ದು, ಬೆಳಿಗ್ಗೆ, ಬೇಸಿನ್ನು ಎಣಿಸುತ್ತಾ.
ದಡಕ್ಕೆ ಬಂದದ್ದು ಹತ್ತು.
ದೋಣಿಯ ಯಜಮಾನನಿಗೆ ನಾಲ್ಕು, ಎಂಜಿನ್ನಿನ ಎಣ್ಣೆಗೆ ಎರಡು,
ಜೊತೆಯಾಳು ಇಬ್ಬರಿಗೆ ಒಂದೊಂದು.
ಕೊಕ್ಕರೆ, ಬೆಕ್ಕು, ಒಣಹಾಕಿದಾಗ ಬಂದ ಮಳೆ, ಇವರದೊಂದು.
ಉಳಿದ ಒಂದರಲ್ಲಿ
ಅಕ್ಕನ ಕೂಸು, ಅಜ್ಜಿ, ನನ್ನ ಪರೀಕ್ಷೆ ಶುಲ್ಕ.
ಮೇಲುಮೇಲಿನ ಮೆಟ್ಟಿಲಿಗೆ ಯಾಕೆ ಶಕ್ತಿ ಸೋರಿಹೋಗುತ್ತದೆ ಎಂದು
ಚಿತ್ರ ಸಹಿತ ವಿವರಿಸಬಲ್ಲೆ.
ನಮ್ಮ ದಡದ ಪಿರಮಿಡ್ಡಿನಲ್ಲಿ ಮಾತ್ರ
ತುದಿಯಲ್ಲಿ ಒಬ್ಬನೇ ನಿಂತವನಿಗೆ ಹೆಚ್ಚು ಪಾಲು.
ಪುಸ್ತಕದಲ್ಲಿ ಹಾಗಿಲ್ಲ.

ಅಜ್ಜಿ ಉಯೊಮಾದ ಮಗಳು,
ಅವಳನ್ನು ಕರೆಯುವುದೂ ಹಾಗೆಯೇ, ನ್ಯಾರ್ ಉಯೊಮಾ.
ಫುಲು ಎಂದು ಪುಸ್ತಕ ಒಂದೇ ಪದದಲ್ಲಿ ಮುಗಿಸಿದ ಮೀನನ್ನು
ಆಕೆ ಬೆರಳು ಮಡಚಿ ಎಣಿಸುತ್ತಾಳೆ:
ಕಲ್ಲಿನ ಪಾಚಿ ಕೆರೆಯುವುದು,
ಬಸವನಹುಳುವಿನ ಚಿಪ್ಪು ಒಡೆಯುವುದು,
ಮರಿಗಳನ್ನು ಬಾಯಲ್ಲೇ ಸಾಕುವುದು,
ಆ ಬಾಯಿಂದಲೇ ಮರಿ ಕದಿಯುವ ಕಳ್ಳ.
"ಒಬ್ಬರ ಕಸುಬಿಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ,
ಅದಕ್ಕೇ ಅಷ್ಟು ಜನಕ್ಕೆ ಜಾಗ."
ಎರಡು ಕೈ ಮುಗಿದ ಮೇಲೆ
ನನ್ನ ಬೆರಳು ಸಾಲ ಕೇಳುತ್ತಾಳೆ.

ಆಮೇಲೆ ಯಾರೋ ಎಂಬುಟಾ ತಂದು ಬಿಟ್ಟರು.
ಆಳುದ್ದದ ಮೀನು, ಬಾಗಿಲಿನಂಥ ಬಾಯಿ.
ಮಡಚಿದ ಬೆರಳು ಒಂದೊಂದೇ ಬಿಚ್ಚಿಕೊಂಡವು.

"ಹೊರಗಿನಿಂದ ತಂದ ಪ್ರಭೇದದ ಎರಡು ದುಷ್ಪರಿಣಾಮ ಬರೆಯಿರಿ."
ಎರಡು ಅಂಕ. ಉತ್ತರ ಬರುತ್ತದೆ.
ಆದರೆ ಎಂಬುಟಾ ಸೀಳುವ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷ ನಿಂತೇ ದುಡಿದು
ಅವ್ವನನ್ನು ಓದಿಸಿದ್ದು ಇದೇ ಅಜ್ಜಿ.
"ಬೈದು ಬರಿ. ಅದರ ಉಪ್ಪು ಉಂಡದ್ದನ್ನೂ ಬರಿ" ಅನ್ನುತ್ತಾಳೆ.
ಅದಕ್ಕೆ ಜಾಗ ಬಿಟ್ಟಿಲ್ಲ ಅಜ್ಜಿ,
ಗೆರೆ ಇರುವುದು ಎರಡೇ.

ಪರೀಕ್ಷೆಯ ದಿನ
ಸರೋವರದ ನಡುವಿನಿಂದ ನೊಣಗಳ ಹೊಗೆ ಎದ್ದಿತು,
ಕಂಬಕಂಬವಾಗಿ ಎದ್ದು, ಗಾಳಿ ಕರೆದತ್ತ ವಾಲಿ,
ಕಿಟಕಿಯಿಂದ ಕೊಠಡಿಗೆ ನುಗ್ಗಿತು.
ನ್ಯೇರಿಯಿಂದ ಬಂದ ಮೇಲ್ವಿಚಾರಕಿ ಮೂಗಿಗೆ ಸ್ಕಾರ್ಫು ಕಟ್ಟಿದಳು.
ನಾವು ತುಟಿ ಬಿಗಿದು ಬರೆಯುತ್ತಲೇ ಇದ್ದೆವು.
ಒಂದು ನನ್ನ ಎರಡನೆಯ ಗೆರೆಯ ಮೇಲೆ ಕೂತಿತು,
ಬೆವರಿದ ಅಂಗೈ ಒತ್ತಿ ಅಲ್ಲೇ ಅಂಟಿತು.
ಬಿಡಿಸಹೋದರೆ ಅಕ್ಷರವೂ ಎದ್ದು ಬರುತ್ತದೆ.
ಗಂಟೆ ಹೊಡೆಯಿತು.

ಮೊಹರು ಹಾಕಿದ ಚೀಲದಲ್ಲಿ, ನನ್ನ ಉತ್ತರದ ಜೊತೆ,
ಅದೂ ನೈರೋಬಿಗೆ ಹೋಗಿದೆ.
ಯಾರೋ ಕೆಂಪು ಪೆನ್ನಿನವರು ಪುಟ ತಿರುವಿ
ಊದಿ ಹಾರಿಸುತ್ತಾರೋ,
ಉತ್ತರದ ಭಾಗವೆಂದೇ ಓದುತ್ತಾರೋ.

ಫಲಿತಾಂಶ ಜನವರಿಗೆ.
ಇವತ್ತು ತುಂಬು ಚಂದ್ರ. ದೋಣಿಗಳು ದಡದಲ್ಲಿ ಕವುಚಿವೆ.
ದೀಪ ಮನೆಯಲ್ಲೇ ಇದೆ,
ಓದಲು ಏನೂ ಇಲ್ಲ.